ಗ್ಯಾಸ್ ಗೀಸರ್ ಬಚ್ಚಲ ಹೊರಗಿರಲಿ: ಹಾಕಿಸುವಾಗ, ಬಳಸುವಾಗ, ಪರೀಕ್ಷಿಸುವಾಗ ನೋಡಬೇಕಾದದ್ದು

ದೀಪಾವಳಿ ಮುಗಿದು ಕಲಬುರಗಿಯಲ್ಲಿ ಬೆಳಗಿನ ಗಾಳಿ ಸ್ವಲ್ಪ ಚುಚ್ಚತೊಡಗಿತು ಅಂದರೆ ಸಾಕು, ಅವೇ ಮೂರು ಪ್ರಶ್ನೆಗಳು ಶುರುವಾಗುತ್ತವೆ. "ಬಚ್ಚಲಲ್ಲೇ ಗ್ಯಾಸ್ ಗೀಸರ್ ಹಾಕಿಸಿದ್ದೇವೆ, ಕಿಟಕಿ ಇದೆ, ನಡೆಯುತ್ತಾ?" "ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕಲ್ವಾ?" "ಗ್ಯಾಸ್ ವಾಸನೆ ಬರ್ತಾನೇ ಇಲ್ಲ, ಮತ್ತೆ ಭಯ ಯಾಕೆ?" ಬೀದರಿನವರು ಇನ್ನೂ ಬೇಗ ಕೇಳುತ್ತಾರೆ. ಅದು ಎರಡು ಸಾವಿರ ಅಡಿಗೂ ಎತ್ತರದ ಊರು. ಕೆಲವು ವರ್ಷ ಅಲ್ಲಿ ರಾತ್ರಿ ಚಳಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ.

ಮೊದಲ ಎರಡು ಪ್ರಶ್ನೆಗೆ ನನ್ನ ಉತ್ತರ ಒಂದೇ: ಇಲ್ಲ. ಮೂರನೆಯದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಇದನ್ನು ತಿಳಿದುಕೊಳ್ಳಿ

ಗ್ಯಾಸ್ ಗೀಸರಿನಿಂದ ಬರುವ ಅಪಾಯ ಎರಡು. ಒಂದು, ಗ್ಯಾಸ್ ಸೋರುವುದು. ಇದು ಮೂಗಿಗೆ ಗೊತ್ತಾಗುತ್ತದೆ. ಸಿಲಿಂಡರಿನ ಎಲ್‌ಪಿಜಿಗೆ ತನ್ನದೇ ವಾಸನೆ ಇರುವುದಿಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸುತ್ತಾರೆ.

ಇನ್ನೊಂದು ಕಾರ್ಬನ್ ಮೊನಾಕ್ಸೈಡ್. ಇದು ಸೋರಿದ ಗ್ಯಾಸ್ ಅಲ್ಲ, ಸರಿಯಾಗಿ ಉರಿಯದ ಗ್ಯಾಸಿನಿಂದ ಹುಟ್ಟುವ ವಿಷಗಾಳಿ. ಜ್ವಾಲೆಗೆ ಬೇಕಾದಷ್ಟು ಗಾಳಿ ಸಿಗದಿದ್ದಾಗ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಮಾತ್ರ ಗಾಳಿ ಮುಟ್ಟುತ್ತಿರುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮಿಷಕ್ಕೆ 6 ಲೀಟರಿನ ಸಾಮಾನ್ಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಮುಕ್ಕಾಲರಿಂದ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಅಡುಗೆಮನೆಯ ನಾಲ್ಕೈದು ಬರ್ನರ್ ಒಟ್ಟಿಗೆ ದೊಡ್ಡದಾಗಿ ಹಚ್ಚಿದ ಹಾಗೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ನಮ್ಮ ಕಡೆ ಹೊಸ ಮನೆಗಳ ಬಚ್ಚಲು ಸಾಮಾನ್ಯವಾಗಿ 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಅಷ್ಟು ಜಾಗದಲ್ಲಿರುವ ಗಾಳಿಯ ತೂಕ ಹೆಚ್ಚೆಂದರೆ 8 ಕಿಲೋ. ಬಾಗಿಲು ಹಾಕಿಕೊಂಡು ಕಾಲು ಗಂಟೆ ಗೀಸರ್ ಓಡಿಸಿದರೆ ಅದರಲ್ಲಿ ಮೂರು ಕಿಲೋದಷ್ಟನ್ನು ಗೀಸರೇ ತಿಂದಿರುತ್ತದೆ. ಗಾಳಿ ತೆಳುವಾಗುತ್ತಾ ಹೋದ ಹಾಗೆ ಉರಿ ಕೆಡುತ್ತದೆ, ಉರಿ ಕೆಟ್ಟ ಹಾಗೆ ವಿಷಗಾಳಿ ಹೆಚ್ಚುತ್ತದೆ. ಆಚೆ ಬಂದವರಿಗೆ ಬರೀ ತಲೆನೋವು ಬಂದರೆ ಅದು ಅದೃಷ್ಟ.

ನಮ್ಮ ಮನೆಯಲ್ಲೂ ಇದು ಆಗಿದೆ. ಫಿಟ್ಟರ್ ಬಂದವನು "ಕಿಟಕಿ ಅದ ಅಲ್ರಿ, ಏನೂ ಆಗಂಗಿಲ್ಲ" ಅಂತ ಒಳಗೇ ಮೊಳೆ ಹೊಡೆದು ಹೋದ. ಎಳ್ಳಮಾಸಿ ಹೊತ್ತಿಗೆ ಚಳಿ ಜಾಸ್ತಿ ಆಯ್ತು ಅಂತ ಆ ಕಿಟಕಿಗೆ ನಾವೇ ಹಳೆ ಗೋಣಿಚೀಲ ತುರುಕಿದೆವು. ಅವ್ವ ಜಳಕ ಮುಗಿಸಿ ಬಂದು ಪಡಸಾಲೆಯ ಕಂಬ ಹಿಡಿದು ಕೂತಳು. "ಯಾಕೋ ತಲಿ ತಿರಗಲತ್ತದ ತಮ್ಮ" ಅಂದಳು. ಪಿತ್ತ ಇರಬೇಕು ಅಂತ ನಿಂಬೆ ಶರಬತ್ತು ಕೊಟ್ಟೆವು. ಮರುದಿನ ಅದೇ ಬಚ್ಚಲಲ್ಲಿ ನನಗೂ ಕಾಲು ಸೋತಾಗಲೇ ಪಿತ್ತ ಅಲ್ಲ ಅಂತ ಹೊಳೆದದ್ದು. ಅವತ್ತೇ ಗೀಸರ್ ಹಿತ್ತಲ ಗೋಡೆಗೆ ಹೋಯಿತು.

ಕೈಗೆ ಬೇಕಾದದ್ದು

ಪರೀಕ್ಷೆಗೆ ದುಬಾರಿ ಸಾಮಾನು ಏನೂ ಬೇಡ. ಒಂದು ಶಾಂಪೂ ಪೊಟ್ಟಣ, ಒಂದು ಲೋಟ ನೀರು, ಹಳೆ ಬ್ರಷ್, ಟಾರ್ಚ್, ಊದುಬತ್ತಿ, ಹೊಸ ದೊಡ್ಡ ಸೆಲ್ ಎರಡು. ಗೀಸರ್ ಜೊತೆ ಬಂದ ಕೈಪಿಡಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಗೀಸರಿನ ಮುಚ್ಚಳ ಬಿಚ್ಚುವ ಕೆಲಸ ಮಾತ್ರ ನಿಮ್ಮದಲ್ಲ, ಅದನ್ನು ಮೆಕ್ಯಾನಿಕ್‌ಗೆ ಬಿಡಿ.

1. ಜಾಗ ಸರಿ ಮಾಡಿ

ಇದೊಂದು ಸರಿಯಾದರೆ ಮುಕ್ಕಾಲು ಅಪಾಯ ಹೋದ ಹಾಗೆ. ಹೊಗೆಕೊಳವೆ ಇಲ್ಲದ ಗೀಸರ್ ಬಚ್ಚಲ ಹೊರಗೆ ಇರಬೇಕು, ಗಾಳಿಯಾಡುವ ಜಾಗದಲ್ಲಿ ಇರಬೇಕು. ಹಿತ್ತಲ ಗೋಡೆ, ತೆರೆದ ವರಾಂಡಾ, ಬಾಲ್ಕನಿ, ಮಾಳಿಗೆಯ ಮೆಟ್ಟಿಲ ಪಕ್ಕದ ಗೋಡೆ ಎಲ್ಲವೂ ನಡೆಯುತ್ತವೆ. ಅಲ್ಲಿಂದ ಬಿಸಿನೀರಿನ ಪೈಪ್ ಮಾತ್ರ ಬಚ್ಚಲಿಗೆ ಬರಲಿ. ಬಿಸಿನೀರು ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ. ಸಾದಾ ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ಹೊರಗೆ ಹಾಕಿಸುವಾಗಲೂ ಜನ ಎಡವುವ ಕಡೆಗಳಿವೆ. ಮಳೆ ಬೀಳುತ್ತದೆ ಅಂತ ಸುತ್ತ ತಗಡಿನ ಡಬ್ಬ ಮಾಡಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಿದರೆ ಬಚ್ಚಲ ಬದಲು ಡಬ್ಬದೊಳಗೆ ಹಾಕಿದಂತೆ. ಮೇಲೆ ಒಂದು ಶಹಾಬಾದ್ ಫರಸಿ ಇಲ್ಲವೇ ತಗಡಿನ ಚಪ್ಪರ ಸಾಕು, ಪಕ್ಕಗಳು ತೆರೆದಿರಲಿ, ಗೀಸರಿನ ನೆತ್ತಿಗೂ ಚಪ್ಪರಕ್ಕೂ ಕೈಪಿಡಿಯಲ್ಲಿ ಹೇಳಿದಷ್ಟು ಅಂತರ ಇರಲಿ. ಮಲಗುವ ಕೋಣೆಯ ಕಿಟಕಿ ಕೆಳಗೆ, ಬಚ್ಚಲ ಬೆಳಕಿಂಡಿಯ ಪಕ್ಕದಲ್ಲೇ ಹಾಕಬೇಡಿ. ಹೋದ ಹೊಗೆ ಮತ್ತೆ ಒಳಗೆ ಬರುತ್ತದೆ. ಅಪಾರ್ಟ್‌ಮೆಂಟಿನವರು ಪೈಪುಗಳು ಇಳಿಯುವ ಡಕ್ಟಿನೊಳಗೆ ಹಾಕಿಸುವುದನ್ನು ನೋಡಿದ್ದೇನೆ. ಡಕ್ಟ್ ಎಂದರೆ ಕಟ್ಟಡದ ನಡುವಿನ ಕಿರಿದಾದ ಬಾವಿ. ನಿಮ್ಮ ಹೊಗೆ ಮೇಲಿನ ಮನೆಯವರ ಬಚ್ಚಲಿಗೆ ಹೋಗುತ್ತದೆ. ಅವರ ಮಗು ಅಲ್ಲಿ ಜಳಕ ಮಾಡುತ್ತಿರಬಹುದು.

ಈಗ ಆ ಎಕ್ಸಾಸ್ಟ್ ಫ್ಯಾನ್ ವಿಷಯ. ಫ್ಯಾನ್ ಗಾಳಿ ಹೊರಗೆ ಎಳೆಯಬೇಕಾದರೆ ಹೊಸ ಗಾಳಿ ಒಳಗೆ ಬರಲು ದಾರಿ ಇರಬೇಕು. ಬಾಗಿಲು, ಕಿಟಕಿ ಮುಚ್ಚಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಬೇಕಾದರೆ ಫ್ಯಾನ್ ಹಚ್ಚಿ, ಬಾಗಿಲು ಹಾಕಿ, ಸಂದಿಯ ಹತ್ತಿರ ಊದುಬತ್ತಿ ಹಿಡಿದು ನೋಡಿ. ಹೊಗೆ ಅಲ್ಲೇ ಸುರುಳಿ ಸುತ್ತುತ್ತಿದ್ದರೆ ಗಾಳಿ ಓಡಾಡುತ್ತಿಲ್ಲ ಅಂತ ಅರ್ಥ. ಈ ಪರೀಕ್ಷೆ ಮಾಡುವಾಗ ಗೀಸರ್ ಆಫ್ ಇರಲಿ, ಗ್ಯಾಸ್ ವಾಸನೆ ಇರುವ ಜಾಗದಲ್ಲಿ ಅಪ್ಪಿತಪ್ಪಿಯೂ ಮಾಡಬೇಡಿ. ಇನ್ನೊಂದು ಮಾತು ಯಾರಿಗೂ ಹೊಳೆಯುವುದಿಲ್ಲ. ಫ್ಯಾನ್ ನಡೆಯುವುದು ಕರೆಂಟಿನಲ್ಲಿ, ಗೀಸರ್ ನಡೆಯುವುದು ಸೆಲ್ಲಿನಲ್ಲಿ. ಬೆಳಿಗ್ಗೆ ಆರಕ್ಕೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ಉರಿಯುತ್ತಲೇ ಇರುತ್ತದೆ. ಒಳಗಿದ್ದವರು ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿರುತ್ತಾರೆ.

ಬಾಡಿಗೆ ಮನೆಯವರು ಮಾಲೀಕರಿಗೆ ಹೇಳಲು ಹಿಂಜರಿಯಬೇಡಿ. ಗೋಡೆಗೆ ಒಂದು ತೂತು, ಹತ್ತಡಿ ಪೈಪ್, ಅಷ್ಟೇ ಖರ್ಚು. ಮಾಲೀಕರು ಒಪ್ಪುವವರೆಗೆ ಆ ಗೀಸರ್ ಹಚ್ಚಲೇಬೇಡಿ. ಅಡುಗೆಮನೆ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಳ್ಳಿ.

2. ಕೊಳ್ಳುವುದಿದ್ದರೆ

ಬೆಲೆ ಆಮೇಲೆ, ಮೊದಲು ಐಎಸ್ಐ ಗುರುತು ನೋಡಿ. ಸಣ್ಣ ಎಲ್‌ಪಿಜಿ ಗೀಸರಿಗೆ ಇರುವ ಮಾನಕ ಐಎಸ್ 15558. ಗುರುತಿನ ಜೊತೆ ಇರುವ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು.

ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ. ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುತ್ತದಾ? ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಆರಿಸುವ ಸೆನ್ಸರ್ ಇದೆಯಾ? ಎರಡನೆಯದು ಎಲ್ಲ ಮಾಡೆಲಿನಲ್ಲಿ ಇರುವುದಿಲ್ಲ. ಇದ್ದರೂ ಅದನ್ನು ನಂಬಿ ಬಚ್ಚಲೊಳಗೆ ಹಾಕುವಂತಿಲ್ಲ.

3. ಸಿಲಿಂಡರ್, ರೆಗ್ಯುಲೇಟರ್, ಪೈಪ್

ಮನೆಯ ಸಿಲಿಂಡರಿನ ಮಾಮೂಲಿ ರೆಗ್ಯುಲೇಟರನ್ನೇ ಬಳಸಿ. ಹೋಟೆಲ್ ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ನೀರು ಬೇಗ ಕಾಯುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಜ್ವಾಲೆ ಡಬ್ಬದಾಚೆ ಬರುತ್ತದೆ. ಬೇಡ.

ರಬ್ಬರ್ ಪೈಪ್ ಕೇಸರಿ ಬಣ್ಣದ ಸುರಕ್ಷಾ ಪೈಪೇ ಇರಲಿ. ಅದರ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಐದು ವರ್ಷಕ್ಕೆ ಬದಲಿಸಬೇಕು, ನೋಡಲು ಚೆನ್ನಾಗಿದ್ದರೂ ಸರಿ. ಉದ್ದ ಒಂದೂವರೆ ಮೀಟರ್ ದಾಟಬಾರದು. ನಮ್ಮ ಕಡೆ ಇದರಲ್ಲೇ ತಪ್ಪು ಜಾಸ್ತಿ. ಅಡುಗೆಮನೆ ಸಿಲಿಂಡರಿಗೆ ಒಂದು ಟೀ ಜಾಯಿಂಟ್ ಹಾಕಿ, ಅಲ್ಲಿಂದ ನಾಲ್ಕೈದು ಮೀಟರ್ ರಬ್ಬರ್ ಪೈಪನ್ನು ಗೋಡೆಯ ತೂತಿನಿಂದ ಹಿತ್ತಲಿಗೆ ಎಳೆಯುತ್ತಾರೆ. ತೂತಿನೊಳಗೆ ಪೈಪ್ ಸವೆದರೆ, ಇಲಿ ಕಡಿದರೆ ಯಾರಿಗೂ ಕಾಣುವುದಿಲ್ಲ. ಹೊರಗಡೆ ಮೇ ತಿಂಗಳ ಬಿಸಿಲಿಗೆ ರಬ್ಬರ್ ಸೀಳು ಬಿಡುತ್ತದೆ. ದೂರ ಒಯ್ಯಬೇಕಿದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಲಿ ತಾಮ್ರದ ಪೈಪ್ ಹಾಕಿಸಿ. ಇಲ್ಲವಾದರೆ ಗೀಸರಿಗೇ ಬೇರೆ ಸಿಲಿಂಡರ್ ಇಡಿ.

ಆ ಸಿಲಿಂಡರ್ ನೆಟ್ಟಗೆ ನಿಂತಿರಲಿ, ನೆರಳಲ್ಲಿ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಾಗಾಗಿ ನೀರಿನ ತೊಟ್ಟಿಯ ಗುಂಡಿ, ನೆಲಮಾಳಿಗೆ, ಚರಂಡಿಯ ಬಾಯಿ ಪಕ್ಕ ಇಡಬೇಡಿ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರ ಮತ್ತು ಎರಡಂಕಿಯ ವರ್ಷ ಬರೆದಿರುತ್ತದೆ. ಅದು ಮುಂದಿನ ಪರೀಕ್ಷೆಯ ಗಡುವು. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಗಡುವು ಮುಗಿದದ್ದನ್ನು ತಂದುಕೊಟ್ಟರೆ ಇಳಿಸಿಕೊಳ್ಳಬೇಡಿ.

4. ಸೋರಿಕೆ ಪರೀಕ್ಷೆ

ಸಿಲಿಂಡರ್ ಬದಲಿಸಿದಾಗಲೆಲ್ಲ ಇದನ್ನು ಮಾಡಿ. ಎರಡು ನಿಮಿಷದ ಕೆಲಸ.

ಲೋಟದ ನೀರಿಗೆ ಶಾಂಪೂ ಹಾಕಿ ನೊರೆ ಬರುವಂತೆ ಕಲಸಿ. ಹತ್ತಿರದಲ್ಲಿ ಒಲೆ, ದೀಪ ಏನೂ ಉರಿಯುತ್ತಿರಬಾರದು. ಗೀಸರ್ ಆಫ್ ಇರಲಿ, ರೆಗ್ಯುಲೇಟರ್ ಆನ್ ಮಾಡಿ. ಆಗ ಪೈಪಿನಲ್ಲಿ ಗ್ಯಾಸ್ ತುಂಬಿರುತ್ತದೆ, ಉರಿ ಇರುವುದಿಲ್ಲ. ಬ್ರಷ್ಷಿನಿಂದ ನೊರೆಯನ್ನು ರೆಗ್ಯುಲೇಟರಿನ ಸುತ್ತ, ಪೈಪಿನ ಎರಡೂ ತುದಿಯ ಕ್ಲಿಪ್ಪಿಗೆ, ಗೀಸರಿನ ಕೆಳಗೆ ಗ್ಯಾಸ್ ಸೇರುವ ನಟ್ಟಿಗೆ ಹಚ್ಚಿ. ಅರ್ಧ ನಿಮಿಷ ಟಾರ್ಚ್ ಬಿಟ್ಟು ನೋಡುತ್ತಾ ಕೂಡಿ. ಬ್ರಷ್ ಆಡಿಸಿದಾಗ ಎದ್ದ ಗುಳ್ಳೆ ಒಡೆದು ಹೋಗುತ್ತವೆ. ಸೋರಿಕೆ ಇದ್ದರೆ ಅದೇ ಜಾಗದಲ್ಲಿ ಹೊಸ ಗುಳ್ಳೆ ಒಂದರ ಹಿಂದೆ ಒಂದು ಉಬ್ಬುತ್ತವೆ, ಕೆಲವೊಮ್ಮೆ ಸಾಸಿವೆ ಕಾಳಿನಷ್ಟು ಸಣ್ಣವು. ಪೈಪನ್ನು ಮೆಲ್ಲಗೆ ಬಾಗಿಸಿ ಸೀಳು ಇದೆಯಾ ನೋಡಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ.

ಗುಳ್ಳೆ ಬಂತು ಅಂದರೆ ರೆಗ್ಯುಲೇಟರ್ ಆಫ್ ಮಾಡಿ. ಕ್ಲಿಪ್ ಸಡಿಲಾಗಿದ್ದರೆ ಬಿಗಿ ಮಾಡಿ ಮತ್ತೆ ನೋಡಿ. ಆಗಲೂ ನಿಲ್ಲದಿದ್ದರೆ ಏಜೆನ್ಸಿಗೆ ಫೋನ್ ಮಾಡಿ. ಎಂ-ಸೀಲ್, ಸೈಕಲ್ ಟ್ಯೂಬಿನ ಪಟ್ಟಿ, ಸೋಪಿನ ಮುದ್ದೆ ಮೆತ್ತುವ ರಿಪೇರಿ ಬೇಡ. ಕಡ್ಡಿ ಗೀರಿ ಸೋರಿಕೆ ಹುಡುಕುವವರು ಈಗಲೂ ಇದ್ದಾರೆ. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

5. ದಿನನಿತ್ಯ ಹಚ್ಚುವ, ಆರಿಸುವ ಕ್ರಮ

ಮೊದಲು ರೆಗ್ಯುಲೇಟರ್, ಆಮೇಲೆ ಗೀಸರಿನ ಸ್ವಿಚ್, ಕೊನೆಗೆ ನಳ. ನೀರು ಹರಿದಾಗ ಟಕ ಟಕ ಅಂತ ಕಿಡಿ ಬಿದ್ದು ಉರಿ ಹೊತ್ತುತ್ತದೆ. ಮೂರು ನಾಲ್ಕು ಸಲ ಟಕ ಟಕ ಅಂದರೂ ಹೊತ್ತದಿದ್ದರೆ ನಳ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಪದೇ ಪದೇ ಒತ್ತಾಯ ಮಾಡಿದರೆ ಒಳಗೆ ಸೇರಿದ ಗ್ಯಾಸ್ ಒಮ್ಮೆಲೇ ಢಬ್ ಅಂತ ಹೊತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಸೆಲ್ ಇಳಿದಿರುತ್ತದೆ. ಇಲ್ಲವೇ ನೀರಿನ ಒತ್ತಡ ಸಾಲದು. ಟ್ಯಾಂಕ್ ಗೀಸರಿಗಿಂತ ಸಾಕಷ್ಟು ಎತ್ತರದಲ್ಲಿ ಇಲ್ಲದಿದ್ದರೆ, ಟ್ಯಾಂಕಿನ ತಳದ ಕೆಸರು ಜಾಲರಿಗೆ ಕಟ್ಟಿದ್ದರೆ ಹೀಗಾಗುತ್ತದೆ.

ಗೀಸರ್ ದಾಟಿದ ಮೇಲೆ, ಅಂದರೆ ಬಿಸಿನೀರಿನ ಕಡೆ, ನಳ ಹಾಕಿ ಮುಚ್ಚಬಹುದೇ ಎಂಬುದು ಮಾಡೆಲಿನ ಮೇಲೆ ಹೋಗುತ್ತದೆ. ಕೆಲವು ಗೀಸರ್‌ಗಳಲ್ಲಿ ಬಿಸಿನೀರಿನ ಬಾಯಿ ಯಾವಾಗಲೂ ತೆರೆದೇ ಇರಬೇಕು. ಕೈಪಿಡಿ ನೋಡಿ ಪ್ಲಂಬರ್‌ಗೆ ಹೇಳಿ. ಗೀಸರಿನ ಕೆಳಗೆ ಹನಿ ತೊಟ್ಟಿಕ್ಕುವ ಸಣ್ಣ ಬಿರಡೆ ಇದ್ದರೆ ಅದನ್ನು ಬಿಗಿದು ಬಂದ್ ಮಾಡಬೇಡಿ. ಒಳಗಿನ ಒತ್ತಡ ಹೆಚ್ಚಾದಾಗ ಬಿಡುವ ದಾರಿ ಅದು.

ಒಳಗಿರುವ ಗೀಸರ್ ಹಚ್ಚದಿರುವುದೇ ಸರಿ. ಆದರೂ ಯಾವುದೋ ಕಾರಣಕ್ಕೆ ಗೀಸರ್ ಇನ್ನೂ ಒಳಗೇ ಇದೆ, ನಾಳೆ ಬೆಳಿಗ್ಗೆ ಜಳಕ ಆಗಲೇಬೇಕು ಅನ್ನುವವರು ಹೀಗೆ ಮಾಡಿ. ಬಾಗಿಲು, ಕಿಟಕಿ ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿ. ಎರಡು ಬಕೆಟ್ಟಿಗೆ ಆರೇಳು ನಿಮಿಷ ಸಾಕು. ತುಂಬುವಾಗ ನೀವು ಹೊರಗಿರಿ. ತುಂಬಿದ ಮೇಲೆ ಗೀಸರ್, ರೆಗ್ಯುಲೇಟರ್ ಎರಡೂ ಆಫ್ ಮಾಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಒಳಗೆ ಹೋಗಿ. ಶವರ್ ಬೇಡ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವ ಮನೆಗಳಲ್ಲಿ ಕೊನೆಗೆ ಹೋದವರಿಗೇ ಕೆಟ್ಟ ಗಾಳಿ ಸಿಗುತ್ತದೆ, ಹಬ್ಬದ ದಿನ ಇನ್ನೂ ಹೆಚ್ಚು. ಇದು ಜಾಗ ಬದಲಿಸುವವರೆಗಿನ ಉಪಾಯ ಅಷ್ಟೇ.

ಹಲವು ಮಾಡೆಲಿನಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ. ಆರಿತು ಅಂತ ನಳ ತಿರುಗಿಸಿ ಮತ್ತೆ ಹಚ್ಚಿಕೊಂಡರೆ ಆ ಟೈಮರ್ ಇದ್ದೂ ಇಲ್ಲದ ಹಾಗೆ. ಜಳಕ ಮುಗಿದ ಮೇಲೆ ರೆಗ್ಯುಲೇಟರ್ ಆಫ್ ಮಾಡುವುದನ್ನು ಮರೆಯಬೇಡಿ.

6. ತಿಂಗಳಿಗೊಮ್ಮೆ ಜ್ವಾಲೆ ನೋಡಿ

ಗೀಸರಿನ ಮುಂದೆ ಒಂದು ಸಣ್ಣ ಕಿಂಡಿ ಇರುತ್ತದೆ. ಸಂಜೆಗತ್ತಲಲ್ಲಿ ನೀರು ಬಿಟ್ಟು ಅದರೊಳಗೆ ನೋಡಿ. ಮುಖ ತೀರಾ ಹತ್ತಿರ ಒಯ್ಯಬೇಡಿ. ಆರೋಗ್ಯವಾದ ಉರಿ ನೀಲಿಯಾಗಿ, ಗಿಡ್ಡಾಗಿ, ಸಾಲಾಗಿ ನಿಂತಿರುತ್ತದೆ, ಒಂದೇ ಸಮನೆ ಸೊಂಯ್ ಅನ್ನುತ್ತದೆ. ಹಳದಿ ನಾಲಿಗೆ ಚಾಚಿ ಅಲುಗಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಬರ್ನರ್ ಕಟ್ಟಿದೆ. ನಡುನಡುವೆ ಒಂದೆರಡು ಕೇಸರಿ ಕಿಡಿ ಹಾರಿದರೆ ಅದು ಧೂಳು, ಗಾಬರಿ ಬೇಡ. ಆದರೆ ಜ್ವಾಲೆಯ ತುದಿಯೇ ಹಳದಿಯಾಗಿದ್ದರೆ ಆರಿಸಿ ಮೆಕ್ಯಾನಿಕ್‌ನ ಕರೆಯಿರಿ. ಗೀಸರಿನ ನೆತ್ತಿ ಮೇಲಿನ ಗೋಡೆಗೆ ಕಪ್ಪು ಮಸಿ ಹತ್ತಿದ್ದರೂ ಅದೇ ಕಥೆ. ಸುಣ್ಣ ಬಳಿದು ಮುಚ್ಚಿದರೆ ನಿಮಗೇ ನೀವು ಮೋಸ ಮಾಡಿಕೊಂಡಂತೆ.

ನಳ ನಿಲ್ಲಿಸಿದ ಕೂಡಲೇ ಉರಿ ಆರಬೇಕು. ಒಂದೆರಡು ಸೆಕೆಂಡು ಮೀರಿ ಉರಿಯುತ್ತಿದ್ದರೆ ನೀರಿನ ಒತ್ತಡಕ್ಕೆ ಆಡುವ ಒಳಗಿನ ರಬ್ಬರ್ ಪೊರೆ ಸಿಕ್ಕಿಕೊಂಡಿದೆ. ನೀರಿಲ್ಲದೆ ಉರಿದರೆ ತಾಮ್ರದ ಕೊಳವೆ ಸುಟ್ಟುಹೋಗುತ್ತದೆ. ಇದು ಮುಂದೂಡುವ ರಿಪೇರಿಯಲ್ಲ. ತಕ್ಷಣ ರೆಗ್ಯುಲೇಟರ್ ಬಂದ್.

7. ವರ್ಷಕ್ಕೊಮ್ಮೆ ಸರ್ವಿಸ್

ದೀಪಾವಳಿಗೆ ಮನೆ ಒರೆಸುವಾಗಲೇ ಇದನ್ನೂ ಮುಗಿಸಿ. ಡಿಸೆಂಬರಿನಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ.

ನಮ್ಮ ಬೋರಿನ ನೀರು ಎಂಥದ್ದು ಅಂತ ಗೊತ್ತಲ್ಲ. ಸ್ಟೀಲ್ ಬಕೆಟ್ಟಿಗೆ ಬಿಳಿ ಗೆರೆ ಬೀಳುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಅದೇ ಸುಣ್ಣದಂಥ ಪೊರೆ ಗೀಸರಿನ ತಾಮ್ರದ ಕೊಳವೆಯೊಳಗೂ ಕಟ್ಟುತ್ತದೆ. ನೀರಿನ ಧಾರೆ ಸಣ್ಣಗಾಗುತ್ತದೆ, ಕುದಿಯುವ ಸದ್ದು ಬರುತ್ತದೆ, ಗ್ಯಾಸ್ ಜಾಸ್ತಿ ಖರ್ಚಾಗುತ್ತದೆ. ಮೆಕ್ಯಾನಿಕ್ ಸಿಟ್ರಿಕ್ ಆಸಿಡ್, ಅಂದರೆ ನಿಂಬೆಹುಳಿಯ ದ್ರಾವಣ ಹಾಯಿಸಿ ಇದನ್ನು ಕರಗಿಸುತ್ತಾರೆ. ಗಡಸು ನೀರಿದ್ದ ಮನೆಗೆ ವರ್ಷಕ್ಕೊಮ್ಮೆ ಬೇಕೇ ಬೇಕು.

ಆದರೆ ಹೆಚ್ಚಿನ ಮೆಕ್ಯಾನಿಕ್‌ಗಳು ನೀರಿನ ಕಡೆ ಮಾತ್ರ ತೊಳೆದು ಹೋಗುತ್ತಾರೆ. ಜೀವಕ್ಕೆ ಸಂಬಂಧಿಸಿದ್ದು ಉರಿಯ ಕಡೆ. ಕೊಳವೆಯ ಹೊರಗೆ ಪುಸ್ತಕದ ಹಾಳೆಗಳಂತೆ ಜೋಡಿಸಿದ ತಾಮ್ರದ ತೆಳು ಪಟ್ಟಿಗಳಿರುತ್ತವೆ. ಅವುಗಳ ನಡುವೆ ಮಸಿ ಕಟ್ಟಿದರೆ ಹೊಗೆ ಮೇಲೆ ಹೋಗಲು ದಾರಿ ಇರುವುದಿಲ್ಲ, ಉರಿ ಕೆಡುತ್ತದೆ. ಬೇಸಿಗೆಯೆಲ್ಲ ಸುಮ್ನೆ ನಿಂತ ಗೀಸರಿನ ಬರ್ನರೊಳಗೆ ಜೇಡ ಬಲೆ ಕಟ್ಟಿರುತ್ತದೆ. ಅಷ್ಟೇ ಸಾಕು ಜ್ವಾಲೆ ಹಳದಿಯಾಗಲು. ಹಾಗಾಗಿ ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಂತು ಬರ್ನರ್ ಬಿಚ್ಚಿಸಿ, ಬ್ರಷ್ ಹೊಡೆಸಿ. ಮುಚ್ಚಳ ಹಾಕಿದ ಮೇಲೆ ನೊರೆ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಆಮ್ಲಜನಕದ ಸೆನ್ಸರ್ ಪದೇ ಪದೇ ಆರಿಸುತ್ತದೆ ಅಂತ ದೂರಿದರೆ ಕೆಲವರು ಅದರ ವೈರನ್ನೇ ಕಿತ್ತು "ಈಗ ಸರಿ ಆಯ್ತು" ಅನ್ನುತ್ತಾರೆ. ಅದು ಆರಿಸುತ್ತಿದ್ದದ್ದೇ ನಿಮ್ಮನ್ನು ಉಳಿಸಲು.

ಅಲಾರಂ ಬಗ್ಗೆಯೂ ಕೇಳುತ್ತಾರೆ. ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಮೊದಲನೆಯದು ಸೋರಿದ ಎಲ್‌ಪಿಜಿಯನ್ನಷ್ಟೇ ಹಿಡಿಯುತ್ತದೆ, ಅದನ್ನು ನೆಲಕ್ಕೆ ಹತ್ತಿರ ಹಾಕುತ್ತಾರೆ. ಎರಡೂ ಒಂದೇ ಅಂತ ತಿಳಿದು ಮೊದಲನೆಯದನ್ನು ಕೊಂಡು ನೆಮ್ಮದಿಯಾಗಿ ಕೂತವರಿದ್ದಾರೆ. ಕೊಳ್ಳುವಾಗ ಡಬ್ಬದ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಂತ ಬರೆದಿದೆಯಾ ನೋಡಿ.

8. ಏನಾದರೂ ಆದರೆ

ಗ್ಯಾಸ್ ವಾಸನೆ ಬಂದರೆ: ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಫ್ಯಾನ್ ಕೂಡ. ಸ್ವಿಚ್ಚಿನ ಒಳಗಿನ ಸಣ್ಣ ಕಿಡಿ ಸಾಕು. ಉರಿಯುತ್ತಿರುವ ದೇವರ ದೀಪ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಸಿಲಿಂಡರಿಗೆ ಬಿಳಿ ಮುಚ್ಚಳ ಹಾಕಿ. ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಹೋಗಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ ಅದು.

ಒಳಗೆ ಹೋದವರು ಕರೆದರೆ ಓಗೊಡದಿದ್ದರೆ: ಮೊದಲು ಸಿಲಿಂಡರ್ ಬಂದ್. ಬಾಗಿಲು ಒಡೆದು ತೆರೆಯಿರಿ, ಉಸಿರು ಬಿಗಿ ಹಿಡಿದು ಒಳಗೆ ಹೋಗಿ ಹೊರಗೆಳೆದು ತನ್ನಿ. ಅಲ್ಲೇ ಕೂತು ಮುಖಕ್ಕೆ ನೀರು ಚಿಮುಕಿಸುತ್ತಾ ಎಬ್ಬಿಸಲು ಹೋಗಬೇಡಿ, ಎಬ್ಬಿಸಲು ಹೋದವರೂ ಅಲ್ಲೇ ಕುಸಿಯುತ್ತಾರೆ. ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಉಸಿರಾಟ ಇದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರಾಟ ನಿಂತಿದ್ದರೆ ಗೊತ್ತಿದ್ದವರು ಎದೆ ಒತ್ತಲು ಶುರು ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು, ಶರಬತ್ತು ಹಾಕಬೇಡಿ.

ಆಸ್ಪತ್ರೆಯಲ್ಲಿ ಮೊದಲ ಮಾತೇ "ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಿದ್ದಿದ್ದರು" ಅಂತ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ರಕ್ತಕ್ಕೆ ಅಂಟಿದ್ದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಗೊತ್ತಾಗುವುದಿಲ್ಲ. ವಿಷ ಏರಿದ್ದರೂ 98 ಅಂತ ತೋರಿಸಬಹುದು. ಸರಿಯಾಗಿ ತಿಳಿಯಲು ರಕ್ತ ಪರೀಕ್ಷೆ ಬೇಕು. ಚಿಕಿತ್ಸೆ ಎಂದರೆ ಮಾಸ್ಕಿನಲ್ಲಿ ಪೂರ್ಣ ಆಮ್ಲಜನಕ. ಬರೀ ಹೊರಗಿನ ಗಾಳಿಯಲ್ಲಿ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಪೂರ್ಣ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ. ಬಸುರಿ ಹೆಂಗಸಾಗಿದ್ದರೆ ತಾನು ಆರಾಮಿದ್ದೇನೆ ಅಂದರೂ ಕರೆದೊಯ್ಯಿರಿ, ಹೊಟ್ಟೆಯ ಮಗುವಿಗೆ ತಾಯಿಗಿಂತ ಹೆಚ್ಚು ಪೆಟ್ಟು.

ಇಷ್ಟು ದೂರ ಹೋಗುವ ಮೊದಲೇ ಮೈ ಸೂಚನೆ ಕೊಡುತ್ತದೆ. ಜಳಕದ ಹೊತ್ತಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮೊಣಕಾಲು ಸೋಲುವುದು, ಹೊರಗೆ ಬಂದ ಮೇಲೆ ಅರ್ಧ ಗಂಟೆಯಲ್ಲಿ ಕಡಿಮೆಯಾಗುವುದು. ಮನೆಯ ಇಬ್ಬರಿಗೆ ಹೀಗಾಯಿತು ಅಂದರೆ ಬಿಪಿ, ಉಪವಾಸ, ಪಿತ್ತ ಅಂತ ಕಾರಣ ಹುಡುಕಬೇಡಿ. ಗೀಸರ್ ಇರುವ ಬಚ್ಚಲಿಗೆ ಮಕ್ಕಳು, ವಯಸ್ಸಾದವರು ಒಳಗಿನಿಂದ ಚಿಲಕ ಹಾಕಿಕೊಳ್ಳದಿರಲಿ. ಚಿಲಕ ತೆಗೆಯಬೇಕು ಅಂತ ಅನ್ನಿಸಿದಾಗ ಕೈ ಏಳುವುದಿಲ್ಲ, ಅದೇ ಈ ವಿಷದ ಗುಣ.

9. ಬೇಸಿಗೆಗೆ ತೆಗೆದಿಡುವಾಗ

ಏಪ್ರಿಲ್ ಬಂದ ಮೇಲೆ ಕಲಬುರಗಿ, ಯಾದಗಿರಿಯಲ್ಲಿ ಗೀಸರ್ ಯಾರಿಗೆ ಬೇಕು? ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಸೆಲ್ ತೆಗೆದುಬಿಡಿ, ಹಾಗೇ ಬಿಟ್ಟರೆ ಸೋರಿ ಡಬ್ಬಿ ತುಕ್ಕು ಹಿಡಿಯುತ್ತದೆ. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿಗೆ ಮುಚ್ಚಳ ಹಾಕಿ. ಒಳಗಿನ ನೀರು ಬಸಿದು, ಗೀಸರಿಗೆ ಹಳೆ ಸೀರೆ ಸುತ್ತಿ ಇಡಿ, ಧೂಳು, ಜೇಡ ಒಳಗೆ ಹೋಗುವುದಿಲ್ಲ. ಮತ್ತೆ ಚಳಿ ಬಿದ್ದಾಗ ಸೀರೆ ಬಿಚ್ಚಿ, ಬರ್ನರ್ ಸರ್ವಿಸ್ ಮಾಡಿಸಿ, ಹೊಸ ಸೆಲ್ ಹಾಕಿ, ನೊರೆ ಹಚ್ಚಿ ನೋಡಿ. ಮೊದಲ ಐದು ನಿಮಿಷ ಬಕೆಟ್ಟಿಗೆ ನೀರು ಬಿಟ್ಟು ಜ್ವಾಲೆಯ ಬಣ್ಣ ನೋಡಿಕೊಂಡು ಆಮೇಲೆ ಜಳಕಕ್ಕೆ ಹೋಗಿ.